ಫಾಲ್ಮತ್‌ನ ಪ್ರಾರ್ಥನಾ ಮಂದಿರದ ದಾರಿಯಲ್ಲಿ: ಜಮೈಕಾ ಪ್ರವಾಸ

1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಕನ್ನಡ ಭಾಷೆಗೆ ಇಂಗ್ಲಿಷಿನಲ್ಲಿ ಬರೆದ ವ್ಯಾಕರಣವೊಂದು ಅಚ್ಚಾಯಿತು. ಬರೆದವರು ವಿಲಿಯಂ ಕೇರಿ. ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದಷ್ಟು ಕಾಲವೂ ನಾನು ಆ ಹೆಸರನ್ನು ಹೇಳುತ್ತ ಬಂದವನು. ಅವರನ್ನು ಭಾರತಕ್ಕೆ ಕಳಿಸಿದ ಬ್ಯಾಪ್ಟಿಸ್ಟ್ ಮಿಷನರಿ ಸೊಸೈಟಿ (ಬ್ಯಾಪ್ಟಿಸ್ಟ್ ಎಂಬುದು ಒಂದು ಕ್ರೈಸ್ತ ಪಂಥ) ಶುರುವಾದದ್ದು 1792ರಲ್ಲಿ, ಇಂಗ್ಲೆಂಡಿನ ಕೆಟರಿಂಗ್ ಎಂಬ ಊರಿನ ಒಂದು ಮನೆಯಲ್ಲಿ. ಅದೇ ಊರಿನಲ್ಲಿ 1803ರಲ್ಲಿ ಹುಟ್ಟಿ, ಅಚ್ಚುಕೂಟದ ಕೆಲಸ ಕಲಿತ ವಿಲಿಯಂ ನಿಬ್ ಎಂಬ ತರುಣ 1825ರಲ್ಲಿ ಅದೇ ಸೊಸೈಟಿಯಿಂದ ಜಮೈಕಾಕ್ಕೆ ಹೋದ. ಅಲ್ಲಿ ಆತ ಬೋಧಿಸುತ್ತಿದ್ದ ಪ್ರಾರ್ಥನಾ ಮಂದಿರವನ್ನು ತೋಟದ ಮಾಲೀಕರ ಕಡೆಯವರು ಕೆಡವಿದರು. ಆತ ಇಂಗ್ಲೆಂಡಿಗೆ ಹೋಗಿ ಗುಲಾಮಗಿರಿಯ ವಿರುದ್ಧ ಪಾರ್ಲಿಮೆಂಟಿನ ಸಮಿತಿಗಳ ಮುಂದೆ ಸಾಕ್ಷಿ ನುಡಿದ. ಫಾಲ್ಮತ್ ಎಂಬ ಆ ಊರನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ಬಹಳ ದಿನದಿಂದ ಇತ್ತು. ಫ್ಲಾರಿಡಾದಲ್ಲಿರುವ ಮಗಳ ಮನೆಗೆ ಹೋದಾಗ ಅವಳೇ ಟಿಕೆಟ್ಟು, ಕಾರು, ತಂಗುವ ಮನೆ ಎಲ್ಲ ಗೊತ್ತುಮಾಡಿದಳು. ನಾನು, ನನ್ನಾಕೆ, ಮಗಳು ಹೊರಟೆವು. ವಿಮಾನದಲ್ಲಿ ಹೆಚ್ಚೂಕಮ್ಮಿ ಒಂದೂವರೆ ಗಂಟೆಯ ದಾರಿ.

ಮೊದಲ ದಿನ: ಮೊಂಟೆಗೋ ಬೇ

ವಿಮಾನದಿಂದ ಇಳಿದಾಗ ನಮ್ಮ ಮಂಗಳೂರಿನ ಮೇ ತಿಂಗಳ ಸೆಕೆ. ಹೆಚ್ಚಿನವರು ನೇರವಾಗಿ ಕಡಲತೀರದ ಹೋಟೆಲುಗಳ ಬಸ್ಸು ಹತ್ತಿದರು. ನಾವು ಊರೊಳಗೆ ಹೋದೆವು. ನಮ್ಮ ಕಾರಿನ ಚಾಲಕ ಐವತ್ತು ದಾಟಿದವರು, ಮಾತುಗಾರರು. ನನ್ನಾಕೆಯನ್ನು ಮೊದಲ ನಿಮಿಷದಿಂದಲೇ 'ಮದರ್' ಎಂದು ಕರೆಯಲು ಶುರುಮಾಡಿದರು. ಅಲ್ಲಿ ಹಿರಿಯ ಹೆಂಗಸರನ್ನು ಹಾಗೇ ಕರೆಯುವುದು.

ಊರ ನಡುವಿನ ಚೌಕಕ್ಕೆ ಸ್ಯಾಮ್ ಶಾರ್ಪ್ ಚೌಕ ಎಂದು ಹೆಸರು. 1831ರ ಗುಲಾಮರ ದಂಗೆಯ ಮುಂದಾಳು ಆತ. ಹಣ್ಣಿನ ಗಾಡಿಗಳು, ಫೋನಿಗೆ ಕರೆನ್ಸಿ ಹಾಕುವ ಅಂಗಡಿಗಳು, ಕೂಗಿ ಗಿರಾಕಿ ಹಿಡಿಯುವ ಶೇರ್ ಟ್ಯಾಕ್ಸಿಗಳು. ಕೆಂಪು ನಂಬರ್ ಪ್ಲೇಟ್ ಇರುವುದೇ ಪರವಾನಗಿ ಇರುವ ಟ್ಯಾಕ್ಸಿ, ಬೇರೆಯದನ್ನು ಹತ್ತಬೇಡಿ ಎಂದು ಚಾಲಕರು ಎಚ್ಚರಿಸಿದರು. ಆ ಗದ್ದಲದ ನಡುವೆಯೇ ಕಲ್ಲು ಇಟ್ಟಿಗೆಯ ಪುಟ್ಟದೊಂದು ಕಟ್ಟಡವಿದೆ. ಅದಕ್ಕೆ 'ಕೇಜ್' ಎನ್ನುತ್ತಾರೆ. 1806ರಲ್ಲಿ ಕಟ್ಟಿದ್ದು. ಓಡಿಹೋಗಿ ಸಿಕ್ಕಿಬಿದ್ದ ಗುಲಾಮರನ್ನು ಅದರೊಳಗೆ ಕೂಡುತ್ತಿದ್ದರು. ಸ್ವಲ್ಪ ದೂರದಲ್ಲಿ ಕಂಚಿನ ಪ್ರತಿಮೆಗಳ ಒಂದು ಗುಂಪು: ಕೈಯಲ್ಲಿ ಸತ್ಯವೇದ ಹಿಡಿದು ಮಾತಾಡುತ್ತಿರುವ ಶಾರ್ಪ್, ಎದುರಿಗೆ ಕೇಳುತ್ತ ನಿಂತವರು.

ಫಾಲ್ಮತ್‌ನ ಕಥೆ ಶಾರ್ಪ್ ಇಲ್ಲದೆ ಅರ್ಥವಾಗುವುದಿಲ್ಲ. ಶಾರ್ಪ್‌ಗಿಂತಲೂ ಹಿಂದಕ್ಕೆ ಹೋಗಬೇಕು. ಜಮೈಕಾದಲ್ಲಿ ಬ್ಯಾಪ್ಟಿಸ್ಟ್ ಸಭೆಯನ್ನು ಮೊದಲು ಕಟ್ಟಿದವರು ಬಿಳಿಯ ಮಿಷನರಿಗಳಲ್ಲ. ಅಮೆರಿಕದ ಜಾರ್ಜಿಯಾದಲ್ಲಿ ಗುಲಾಮನಾಗಿದ್ದು ಬಿಡುಗಡೆ ಪಡೆದ ಜಾರ್ಜ್ ಲೈಲ್ 1780ರ ದಶಕದಲ್ಲಿ ಕಿಂಗ್‌ಸ್ಟನ್‌ಗೆ ಬಂದು ಬೋಧನೆ ಶುರುಮಾಡಿದ. ಆತನ ಸಂಗಡಿಗ ಮೋಸೆಸ್ ಬೇಕರ್ ಈ ಪಶ್ಚಿಮದ ಗುಡ್ಡಗಳಿಗೆ ಬಂದ. ಅಡೆಲ್ಫಿ ಎಂಬ ತೋಟದ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಮಾಲೀಕ ತನ್ನ ಆಳುಗಳಿಗೆ ಬೋಧಿಸಲು ಆತನನ್ನು ಕರೆಸಿಕೊಂಡಿದ್ದ. ಕೆಲಸ ಕೈಮೀರಿ ಬೆಳೆದಾಗ ಇವರೇ ಇಂಗ್ಲೆಂಡಿನ ಸೊಸೈಟಿಯ ನೆರವು ಕೇಳಿದರು. ಮೊದಲ ಮಿಷನರಿ ಜಾನ್ ರೋ ಬಂದದ್ದು 1814ರಲ್ಲಿ. ಎರಡೇ ವರ್ಷದಲ್ಲಿ ತೀರಿಕೊಂಡ. ಅಂದರೆ ಬಿಳಿಯ ಮಿಷನರಿಗಳು ಬರುವ ಹೊತ್ತಿಗೆ ಇಲ್ಲಿನ ಸಭೆಗೆ ಮೂವತ್ತು ವರ್ಷ ತುಂಬಿತ್ತು. ಈ ಮಾತನ್ನು ಒತ್ತಿ ಹೇಳಬೇಕು ಎಂದು ನನಗನಿಸುತ್ತದೆ. ಏಕೆಂದರೆ ಕಥೆ ಹೇಳುವಾಗ ಎಲ್ಲರೂ ಹಡಗಿಳಿದ ಇಂಗ್ಲಿಷರಿಂದಲೇ ಶುರುಮಾಡುತ್ತಾರೆ.

ಚೌಕದಿಂದ ನಡೆದುಕೊಂಡು ಮಾರ್ಕೆಟ್ ಸ್ಟ್ರೀಟಿನ ಬರ್ಚೆಲ್ ಬ್ಯಾಪ್ಟಿಸ್ಟ್ ಚರ್ಚಿಗೆ ಹೋದೆವು. 1824ರಲ್ಲಿ ಈ ಊರಿಗೆ ಬಂದ ಥಾಮಸ್ ಬರ್ಚೆಲ್ ಅವರ ಹೆಸರು ಅದಕ್ಕಿದೆ. ಸ್ಯಾಮ್ ಶಾರ್ಪ್ ಈ ಬರ್ಚೆಲ್ ಅವರ ಸಭೆಯಲ್ಲಿ ಡೀಕನ್, ಅಂದರೆ ಸಭೆಯ ಹಿರಿಯ ಸೇವಕ, ಆಗಿದ್ದ. ಗುಲಾಮ, ಆದರೆ ಓದು ಬಲ್ಲವನು. ಬಾಗಿಲು ಹಾಕಿತ್ತು. ವಾರದ ದಿನಗಳಲ್ಲಿ ಇಲ್ಲಿನ ಚರ್ಚುಗಳು ಬಹುಪಾಲು ಮುಚ್ಚಿಯೇ ಇರುತ್ತವೆ, ಪಕ್ಕದ ಕಚೇರಿಯಲ್ಲಿ ಕೇಳಿಕೊಳ್ಳಬೇಕು. ಅಲ್ಲಿದ್ದ ತಾಯಿಯೊಬ್ಬರು ಬೀಗದ ಕೈ ತಂದರು. "ಅವರು ಅಲ್ಲಿದ್ದಾರೆ, ಪೀಠದ ಕೆಳಗೆ" ಎಂದು ಕೈತೋರಿಸಿದರು. ಗಲ್ಲಿಗೇರಿಸಿದ ಮೇಲೆ ಶಾರ್ಪ್‌ನ ದೇಹವನ್ನು ಬಂದರಿನ ಮರಳಿನಲ್ಲಿ ಹೂಳಿದ್ದರು. ಆಮೇಲೆ ಸಭೆಯವರು ಅದನ್ನು ತಂದು ಬೋಧಕರ ಪೀಠದ ಕೆಳಗೆ ಇಟ್ಟರು. "ನಾವು ಪ್ರತಿ ಭಾನುವಾರ ಅವರ ಮೇಲೆಯೇ ನಿಂತು ವಾಕ್ಯ ಓದ್ತೀವಿ" ಎಂದರು ಆಕೆ. ನನ್ನಾಕೆ ಚಪ್ಪಲಿ ಬಿಟ್ಟು ಒಳಗೆ ಹೋದಳು. ಆ ತಾಯಿ ಅದನ್ನು ನೋಡಿ ಏನೂ ಹೇಳದೆ ತಾವೂ ಬಿಟ್ಟರು.

ಎರಡನೆಯ ದಿನ: ಗುಡ್ಡದ ದಾರಿ

ಬೆಳಿಗ್ಗೆ ತಿಂಡಿಗೆ ಆಕಿ ಮತ್ತು ಉಪ್ಪುಮೀನು. ಆಕಿ ಎಂಬುದು ಪಶ್ಚಿಮ ಆಫ್ರಿಕಾದಿಂದ ಬಂದ ಹಣ್ಣು. ಬೇಯಿಸಿದರೆ ಮೊಟ್ಟೆಯ ಬುರ್ಜಿಯ ಹಾಗೆ ಹಳದಿಯಾಗಿ ಮೆತ್ತಗಾಗುತ್ತದೆ. ಉಪ್ಪುಮೀನು ಉತ್ತರ ಅಮೆರಿಕದಿಂದ ಪೀಪಾಯಿಗಳಲ್ಲಿ ಬರುತ್ತಿತ್ತು. ಗುಲಾಮರಿಗೆ ಹಾಕಲು ಅಗ್ಗವಾದ ಊಟವೆಂದು ಮಾಲೀಕರು ತರಿಸುತ್ತಿದ್ದದ್ದು. ಇಂದು ಅದೇ ದೇಶದ ರಾಷ್ಟ್ರೀಯ ತಿನಿಸು. ಜೊತೆಗೆ ಕೆಂಡದಲ್ಲಿ ಸುಟ್ಟ ಹೋಳುಗಳು. ನನ್ನಾಕೆ ಕುಂದಾಪುರದವಳು, ಒಂದು ಚೂರು ಬಾಯಿಗಿಟ್ಟವಳೇ, "ಇದ್ ನಮ್ ಜೀಗುಜ್ಜೆ ಅಲ್ದಾ?" ಎಂದಳು. ಜೀಗುಜ್ಜೆಯೇ. 1793ರಲ್ಲಿ ಕ್ಯಾಪ್ಟನ್ ಬ್ಲೈ ಪೆಸಿಫಿಕ್ ದ್ವೀಪಗಳಿಂದ ಅದರ ಸಸಿಗಳನ್ನು ಹಡಗಿನಲ್ಲಿ ತಂದಿದ್ದು, ಅದೂ ಗುಲಾಮರ ಹೊಟ್ಟೆಗೆಂದು. ಮೀನು ಮಾಂಸ ತಿನ್ನದವರಿಗೆ ಒಂದು ಮಾತು: 'ಐಟಲ್' ಎಂದು ಕೇಳಿ. ರಾಸ್ತಾಫರಿ ಪಂಥದವರ ಸಸ್ಯಾಹಾರ ಅದು. ದಂಟಿನ ಜಾತಿಯ ಕಲಲೂ ಸೊಪ್ಪು, ಬೀನ್ಸು, ಕುಂಬಳ, ತೆಂಗಿನ ಹಾಲು ಎಲ್ಲ ಇರುತ್ತದೆ. ಖಾರ ಬೇಕೆಂದು ಮಾತ್ರ ಹೇಳಬೇಡಿ. ಅಲ್ಲಿನ ಮೆಣಸಿನಕಾಯಿ ನಮ್ಮ ಬ್ಯಾಡಗಿಯಂತಲ್ಲ.

ಊರು ದಾಟಿದ ಮೇಲೆ ದಾರಿ ಕಿರಿದಾಗಿ ಗುಡ್ಡ ಹತ್ತತೊಡಗಿತು. ಒಂದು ತಿರುವಿನಲ್ಲಿ ಹಿಂದೆ ತಿರುಗಿ ನೋಡಿದರೆ ಇಡೀ ಕೊಲ್ಲಿ ನೀಲಿಯಾಗಿ ಹರಡಿತ್ತು. ಸಾಲ್ಟರ್ಸ್ ಹಿಲ್ ಎಂಬಲ್ಲಿ ಕಾರು ನಿಲ್ಲಿಸಿದೆವು. 1831ರ ಡಿಸೆಂಬರ್ 27ರಂದು ಇಲ್ಲಿ ಹೊಸ ಪ್ರಾರ್ಥನಾ ಮಂದಿರದ ಉದ್ಘಾಟನೆಯಿತ್ತು. ಫಾಲ್ಮತ್‌ನಿಂದ ನಿಬ್ ಬಂದಿದ್ದ. ಅಷ್ಟರಲ್ಲಿ ತೋಟತೋಟಗಳಲ್ಲಿ ಸುದ್ದಿ ಹಬ್ಬಿತ್ತು: ಇಂಗ್ಲೆಂಡಿನ ದೊರೆ ಬಿಡುಗಡೆ ಕೊಟ್ಟಾಗಿದೆ, ಮಾಲೀಕರು ಅದನ್ನು ಮುಚ್ಚಿಟ್ಟಿದ್ದಾರೆ. ಹಾಗೇನೂ ಆಗಿಲ್ಲ, ಕೆಲಸಕ್ಕೆ ಹೋಗಿ ಎಂದು ನಿಬ್ ಜನರನ್ನು ಬೇಡಿಕೊಂಡ. ಜನಕ್ಕೆ ಆ ಮಾತು ಹಿಡಿಸಲಿಲ್ಲ. ಮಾಲೀಕರು ಇವನಿಗೆ ದುಡ್ಡು ಕೊಟ್ಟಿರಬೇಕು ಎಂದು ಕೆಲವರು ಗೊಣಗಿದರಂತೆ. ಅದೇ ಸಂಜೆ ಗುಡ್ಡದ ಮೇಲಿನ ಕೆನ್ಸಿಂಗ್ಟನ್ ತೋಟದಲ್ಲಿ ಬೆಂಕಿ ಕಾಣಿಸಿತು.

ಕೆನ್ಸಿಂಗ್ಟನ್‌ಗೆ ಹೋಗುವ ದಾರಿಯಲ್ಲಿ ನಮ್ಮ ಕಾರು ನೀರು ತುಂಬಿದ ಗುಂಡಿಗಿಳಿದು ಟೈರು ಹೋಯಿತು. ಅಷ್ಟರಲ್ಲಿ ಮಳೆ. ಅಲ್ಲಿ ಮಧ್ಯಾಹ್ನದ ಮಳೆ ಹೇಳಿ ಕೇಳಿ ಬರುವುದಿಲ್ಲ. ಗುಡ್ಡದ ಊರುಗಳನ್ನು ಬೆಳಿಗ್ಗೆಯೇ ನೋಡಿ ಇಳಿದುಬಿಡುವುದು ಒಳ್ಳೆಯದು, ನೀರೂ ತಿನಿಸೂ ಜೊತೆಗಿರಲಿ. ರಸ್ತೆ ಬದಿಯ ತಗಡಿನ ಮಾಡಿನ ಕೆಳಗೆ ಹಳದಿ ಗೆಣಸಿನ ರಾಶಿ ಹಾಕಿಕೊಂಡು ಕೂತಿದ್ದ ಅಜ್ಜ ನಮ್ಮನ್ನು ಒಳಗೆ ಕರೆದರು. ಇಬ್ಬರು ಹುಡುಗರು ಎಲ್ಲಿಂದಲೋ ಬಂದು ಚಾಲಕರ ಜೊತೆ ಟೈರು ಬಿಚ್ಚಲು ನಿಂತರು, ಯಾರೂ ಕರೆದಿರಲಿಲ್ಲ.

ಅಜ್ಜನಿಗೆ ನಾನು ಮಂಡ್ಯದವನು, ನಮ್ಮದು ಕಬ್ಬಿನ ಸೀಮೆ ಎಂದಾಗ ಮುಖ ಅರಳಿತು. ಎಷ್ಟು ತಿಂಗಳಿಗೆ ಕಡಿತೀರಿ, ಕೂಳೆ ಎಷ್ಟು ಬೆಳೆ ಬಿಡ್ತೀರಿ ಎಂದು ಕೇಳತೊಡಗಿದರು. ಅವರ ಅಜ್ಜ ಕಬ್ಬಿನ ತೋಟದಲ್ಲಿ ದುಡಿದವರು. ಹಿಂದಿನ ಕಾಲದ ಸಕ್ಕರೆ ಕುದಿಸುವ ಮನೆ ಹೇಗಿರುತ್ತಿತ್ತೆಂದು ಅವರು ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದಾಗ ನನಗೆ ನಮ್ಮ ಆಲೆಮನೆಯೇ ಕಣ್ಣಿಗೆ ಬಂತು: ಗಾಣ, ಒಲೆ, ಸಾಲಾಗಿ ಕೊಪ್ಪರಿಗೆಗಳು. ಹೋಲಿಕೆ ಅಲ್ಲಿಗೆ ಮುಗಿಯುತ್ತದೆ. ಇಲ್ಲಿ ಸುಗ್ಗಿ ಶುರುವಾದರೆ ತಿಂಗಳುಗಟ್ಟಲೆ ರಾತ್ರಿ ಪಾಳಿಯೂ ನಡೆಯುತ್ತಿತ್ತು. ನಿದ್ದೆಗಣ್ಣಿನಲ್ಲಿ ಕಬ್ಬು ತುರುಕುವವರ ಕೈ ಗಾಣಕ್ಕೆ ಸಿಕ್ಕಿದರೆ ಕಡಿದುಹಾಕಲೆಂದು ಪಕ್ಕದಲ್ಲೇ ಕೊಡಲಿ ಇಡುತ್ತಿದ್ದರು.

ಶಾರ್ಪ್ ಹೂಡಿದ ಉಪಾಯ ಎಷ್ಟು ಬಲವಾದದ್ದೆಂದು ಕಬ್ಬು ಬೆಳೆಯುವವನಿಗೆ ಬೇಗ ತಿಳಿಯುತ್ತದೆ. ಸಭೆಯ ಪ್ರಾರ್ಥನಾ ಕೂಟಗಳು ಮುಗಿದ ಮೇಲೆ ಆತ ಮುಂದಾಳುಗಳನ್ನು ಉಳಿಸಿಕೊಂಡು ಸತ್ಯವೇದದ ಮೇಲೆ ಆಣೆ ಮಾಡಿಸಿದ: ಕ್ರಿಸ್‌ಮಸ್ ರಜೆ ಕಳೆದ ಮೇಲೆ ಕೂಲಿ ಕೊಡದ ಹೊರತು ಯಾರೂ ಕೆಲಸಕ್ಕೆ ಹೋಗಬಾರದು. ಆಗಲೇ ಕಬ್ಬು ಕೊಯ್ಲಿಗೆ ಬರುವುದು. ಮಾಗಿದ ಕಬ್ಬು ಗದ್ದೆಯಲ್ಲಿ ನಿಂತರೆ ಒಣಗುತ್ತದೆ, ಕಡಿದದ್ದು ಒಂದೆರಡು ದಿನ ಬಿದ್ದರೆ ರಸ ಹುಳಿಯಾಗುತ್ತದೆ. ಕೈಕಟ್ಟಿ ಕೂತರೆ ಸಾಕು, ಮಾಲೀಕನ ವರ್ಷದ ಗಳಿಕೆ ಹೋಯಿತು. ರಕ್ತ ಹರಿಸುವುದು ಆತನ ಉದ್ದೇಶವಾಗಿರಲಿಲ್ಲ. ಬೆಂಕಿ ಬಿದ್ದ ಮೇಲೆ ಅದು ಕೈತಪ್ಪಿತು. ಸುಮಾರು 60 ಸಾವಿರ ಗುಲಾಮರು ಸೇರಿದರೆಂದು ಲೆಕ್ಕ ಹಾಕುತ್ತಾರೆ. ಸತ್ತ ಬಿಳಿಯರು 14 ಮಂದಿ. ದಂಗೆ ಅಡಗಿಸುವಾಗ ಕೊಂದ ಗುಲಾಮರು 200ಕ್ಕೂ ಹೆಚ್ಚು, ಆಮೇಲೆ ವಿಚಾರಣೆಯ ಹೆಸರಿನಲ್ಲಿ ಕೊಂದವರು 300ಕ್ಕೂ ಹೆಚ್ಚು. ಶಾರ್ಪ್‌ನನ್ನು 1832ರ ಮೇ 23ರಂದು ಮೊಂಟೆಗೋ ಬೇಯಲ್ಲಿ ನೇಣಿಗೆ ಹಾಕಿದರು. ಗುಲಾಮನಾಗಿ ಬದುಕುವುದಕ್ಕಿಂತ ಆ ನೇಣುಗಂಬದಲ್ಲಿ ಸಾಯುವುದೇ ಮೇಲು ಎಂದು ಆತ ಹೇಳಿದ್ದನ್ನು ಸೆರೆಮನೆಯಲ್ಲಿ ಕಂಡ ಮೆಥಡಿಸ್ಟ್ ಮಿಷನರಿ ಹೆನ್ರಿ ಬ್ಲೆಬಿ ಬರೆದಿಟ್ಟಿದ್ದಾರೆ. ಆತ ಸತ್ತದ್ದಕ್ಕೆ ಯಜಮಾನರಿಗೆ 16 ಪೌಂಡ್ 10 ಶಿಲಿಂಗ್ ಪರಿಹಾರ ಸಿಕ್ಕಿತು.

ಈ ದಂಗೆಯನ್ನು ಬ್ಯಾಪ್ಟಿಸ್ಟ್ ಯುದ್ಧವೆಂದೇ ಕರೆಯುತ್ತಾರೆ. ಮಳೆ ನಿಂತ ಮೇಲೆ ಕೆನ್ಸಿಂಗ್ಟನ್‌ನ ಸ್ಮಾರಕದ ಬಳಿ ಸ್ವಲ್ಪ ಹೊತ್ತು ನಿಂತೆವು. ಎತ್ತರದ ಜಾಗ. ಇಲ್ಲಿ ಹಚ್ಚಿದ ಬೆಂಕಿ ಎಷ್ಟು ಕಣಿವೆಗಳಿಗೆ ಕಂಡಿರಬೇಕೆಂದು ಅಲ್ಲಿ ನಿಂತರೆ ಯಾರೂ ಹೇಳಿಕೊಡಬೇಕಿಲ್ಲ. ಅಜ್ಜ ಗೆಣಸಿಗೆ ದುಡ್ಡು ತೆಗೆದುಕೊಂಡರು, ಟೈರಿಗೆ ಕೈಹಾಕಿದ ಹುಡುಗರು ಮಾತ್ರ ಏನು ಮಾಡಿದರೂ ತೆಗೆದುಕೊಳ್ಳಲಿಲ್ಲ.

ಮೂರನೆಯ ದಿನ: ಫಾಲ್ಮತ್

ಕಡಲ ಪಕ್ಕದ ಹೆದ್ದಾರಿಯಲ್ಲಿ ಮುಕ್ಕಾಲು ಗಂಟೆ. ಫಾಲ್ಮತ್ 1769ರಲ್ಲಿ ಅಳತೆ ಹಾಕಿ ಕಟ್ಟಿದ ಊರು, ಬೀದಿಗಳು ಚೌಕಚೌಕ. ಟ್ರೆಲಾನಿ ಸೀಮೆಯ ನೂರರ ಹತ್ತಿರದ ತೋಟಗಳ ಸಕ್ಕರೆ ಮತ್ತು ರಮ್ ಇಲ್ಲಿಂದ ಹಡಗೇರುತ್ತಿದ್ದವು. ಇಲ್ಲಿಗೆ ಕೊಳಾಯಿ ನೀರು ಬಂದದ್ದು 1799ರಲ್ಲಿ, ನ್ಯೂಯಾರ್ಕಿಗಿಂತ ಮೊದಲು ಎಂದು ಊರಿನವರು ಹೇಳಿಕೊಳ್ಳುತ್ತಾರೆ. ಆ ನೀರಿನ ತೊಟ್ಟಿ ಇದ್ದ ಜಾಗಕ್ಕೆ ಈಗಲೂ ವಾಟರ್ ಸ್ಕ್ವೇರ್ ಎಂದೇ ಹೆಸರು. ಅಷ್ಟು ದುಡ್ಡು ಎಲ್ಲಿಂದ ಬಂತೆಂದು ಗೊತ್ತಿದ್ದವನಿಗೆ ಇಲ್ಲಿನ ಚೆಂದದ ಕಿಟಕಿ ಬಾಗಿಲುಗಳನ್ನು ನೋಡಿ ಸುಮ್ಮನೆ ಖುಷಿಪಡಲು ಆಗುವುದಿಲ್ಲ.

2011ರಲ್ಲಿ ಬಂದರಿನಲ್ಲಿ ದೊಡ್ಡ ಪ್ರವಾಸಿ ಹಡಗುಗಳ ಕಟ್ಟೆ ಶುರುವಾಯಿತು. ಹಡಗು ಬಂದ ದಿನ ಸಾವಿರಾರು ಜನ ಇಳಿಯುತ್ತಾರೆ, ಬೇಲಿಯೊಳಗಿನ ಅಂಗಡಿಗಳಲ್ಲೇ ಬಹುಪಾಲು ಹೊತ್ತು ಕಳೆಯುತ್ತಾರೆ. ಹಡಗಿಲ್ಲದ ದಿನ ಹೋದರೆ ಊರು ಊರಾಗಿ ಸಿಗುತ್ತದೆ. ನಮಗೆ ಹಾಗೆ ಸಿಕ್ಕಿತು. ಶಾಲೆಯ ಸಮವಸ್ತ್ರದ ಮಕ್ಕಳು, ತಲೆಗೆ ಬಟ್ಟೆ ಸುತ್ತಿ ಅಮಟೆಕಾಯಿಯ ಜಾತಿಯ ಜೂನ್ ಪ್ಲಮ್ ಮಾರುವ ಹೆಂಗಸರು. ನನ್ನಾಕೆ ಒಂದು ಚೀಲ ಕೊಂಡು ಉಪ್ಪಿನಕಾಯಿ ಹಾಕುವ ವಿಧಾನವನ್ನು ಮಾರುವಾಕೆಗೆ ವಿವರಿಸಿದಳು. ಇಬ್ಬರ ಇಂಗ್ಲಿಷೂ ಬೇರೆ ಬೇರೆ, ಆದರೂ ಮಾತು ಮುಗಿಯಲು ಬಹಳ ಹೊತ್ತು ಹಿಡಿಯಿತು.

ವಿಲಿಯಂ ನಿಬ್ ಸ್ಮಾರಕ ಬ್ಯಾಪ್ಟಿಸ್ಟ್ ಚರ್ಚು ಕಿಂಗ್ ಮತ್ತು ಜಾರ್ಜ್ ಬೀದಿಗಳು ಕೂಡುವಲ್ಲಿದೆ. ಹಳೆಯ ಗೋಡೆ, ಹಳೆಯ ಮರ ಹುಡುಕಿಕೊಂಡು ಹೋಗುವವರು ನಿರಾಶರಾಗಬಹುದು. ಇಲ್ಲಿನ ಮಂದಿರ ಮತ್ತೆ ಮತ್ತೆ ಬಿದ್ದು ಎದ್ದದ್ದು. ನಿಬ್ 1830ರಲ್ಲಿ ಈ ಸಭೆಗೆ ಬಂದಾಗ ಇದ್ದ ಮಂದಿರವನ್ನು 1832ರ ಫೆಬ್ರವರಿಯಲ್ಲಿ, ಅದರಲ್ಲೇ ತಂಗಿದ್ದ ಮಿಲಿಷಿಯಾ ಪಡೆಯವರು ಒಡೆದು ಕೆಡವಿದರು. ಆಗ ತೋಟದ ಮಾಲೀಕರು, ಅವರ ಜೊತೆಗಿದ್ದ ಆಂಗ್ಲಿಕನ್ ಪಾದ್ರಿಯೊಬ್ಬ ಸೇರಿ 'ಕಲೋನಿಯಲ್ ಚರ್ಚ್ ಯೂನಿಯನ್' ಎಂದು ಸಂಘ ಕಟ್ಟಿ ದ್ವೀಪದ ಉದ್ದಕ್ಕೂ ಬ್ಯಾಪ್ಟಿಸ್ಟ್, ಮೆಥಡಿಸ್ಟ್ ಮಂದಿರಗಳನ್ನು ನೆಲಸಮ ಮಾಡುತ್ತಿದ್ದರು. ಮತ್ತೆ ಕಟ್ಟಿದ ಮಂದಿರ 1944ರ ಚಂಡಮಾರುತಕ್ಕೆ ಬಿತ್ತು. ಈಗಿರುವುದು ಅದರ ನಂತರ 1940ರ ದಶಕದಲ್ಲೇ ಎದ್ದದ್ದು.

ಕಚೇರಿಯಲ್ಲಿ ವಿಚಾರಿಸಿದಾಗ ಹಿರಿಯರೊಬ್ಬರು ಒಳಗೆ ಕರೆದುಕೊಂಡು ಹೋದರು. ನಿವೃತ್ತ ಶಾಲಾಮಾಸ್ತರರಂತೆ. ನಾನೂ ಮೇಷ್ಟ್ರೇ ಎಂದಮೇಲೆ ಅವರಿಗೆ ನಿಧಾನವಾಗಿ ಹೇಳಲು ಹುರುಪು ಬಂತು. ಗೋಡೆಯ ಮೇಲೆ ದೊಡ್ಡ ಅಮೃತಶಿಲೆಯ ಫಲಕ. ಅದರಲ್ಲಿ ಬಿಡುಗಡೆಯಾದವರು ಸಂಕೋಲೆ ಚಾಟಿಗಳನ್ನು ಹೂಳುತ್ತಿರುವ ದೃಶ್ಯ. ಜೊತೆಗೆ ಇಂಗ್ಲೆಂಡಿನಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡಿದ ಗ್ರಾನ್‌ವಿಲ್ ಶಾರ್ಪ್, ವಿಲ್ಬರ್‌ಫೋರ್ಸ್, ಜೋಸೆಫ್ ಸ್ಟರ್ಜ್ ಮತ್ತು ನಿಬ್ ಅವರ ಮುಖಗಳು.

ಆ ದೃಶ್ಯ ನಡೆದದ್ದೇ. 1838ರ ಜುಲೈ 31ರ ರಾತ್ರಿ ಮಂದಿರದೊಳಗೆ ಹಿಡಿಸಲಾರದಷ್ಟು ಜನ. ಗಡಿಯಾರ ನೋಡುತ್ತ ನಿಬ್ ನಿಂತಿದ್ದ. ಹನ್ನೆರಡರ ಕೊನೆಯ ಗಂಟೆ ಹೊಡೆದಾಗ, ರಾಕ್ಷಸ ಸತ್ತ, ಕರಿಯ ಸ್ವತಂತ್ರನಾದ ಎಂದು ಕೂಗಿದ. ಬೆಳಗಿನ ಜಾವ ಒಂದು ಶವಪೆಟ್ಟಿಗೆ ತಂದರು. ಒಳಗೆ ಒಂದು ಸರಪಳಿ, ಒಂದು ಚಾಟಿ, ಕೊರಳಿಗೆ ಹಾಕುವ ಒಂದು ಕಬ್ಬಿಣದ ಪಟ್ಟಿ. ಹಾಡುತ್ತ ಅದನ್ನು ಹೂತು ಮೇಲೊಂದು ಸಸಿ ನೆಟ್ಟರು. ಪೆಟ್ಟಿಗೆ ಮಾಡಿದ ಬಡಗಿಗಳು ಅದಕ್ಕೆ ಚೆನ್ನಾಗಿ ಪಾಲಿಶ್ ಹಾಕಿದ್ದರು ಎಂದು ಮಾಸ್ತರರು ಹೇಳಿದರು. "ಹೂಳುವ ಪೆಟ್ಟಿಗೆಗೆ ಅಷ್ಟು ಹೊಳಪು ಯಾಕೆ ಬೇಕಿತ್ತು ಹೇಳಿ? ಅದು ಅವರು ತಮಗಾಗಿ ಮಾಡಿದ ಮೊದಲ ಕೆಲಸ."

ನಾನು ಫಲಕದ ಮುಂದೆ ಬಹಳ ಹೊತ್ತು ನಿಂತೆ. ನಾಲ್ಕು ಮುಖಗಳೂ ಬಿಳಿಯರವು. ಲೈಲ್ ಇಲ್ಲ, ಬೇಕರ್ ಇಲ್ಲ, ನೇಣಿಗೆ ಕೊರಳು ಕೊಟ್ಟ ಶಾರ್ಪ್ ಇಲ್ಲ. ಮಾಸ್ತರರಿಗೆ ಕೇಳಿಯೇಬಿಟ್ಟೆ. ಅವರು ಬೇಸರಿಸಲಿಲ್ಲ. "ಆಗ ಶಾರ್ಪ್ ಹೆಸರು ಕಲ್ಲಿನಲ್ಲಿ ಕೆತ್ತೋದು ಅಂದ್ರೆ ದಂಗೆಕೋರನ ಹೆಸರು ಕೆತ್ತಿದ ಹಾಗೆ. ಇವರಿನ್ನೂ ಅದೇ ಮಾಲೀಕರ ನಡುವೆ ಬದುಕಬೇಕಿತ್ತಲ್ಲ" ಎಂದರು. ಸರ್ಕಾರ ಶಾರ್ಪ್‌ನನ್ನು ರಾಷ್ಟ್ರವೀರನೆಂದು ಸಾರಿದ್ದು 1975ರಲ್ಲಿ.

ಇದರಿಂದ ನಿಬ್‌ನ ಹಿರಿಮೆ ಕಡಿಮೆಯಾಗುವುದಿಲ್ಲ. ರಾಜಕೀಯಕ್ಕೆ ಕೈಹಾಕಬಾರದು ಎಂಬ ಸೊಸೈಟಿಯ ಕಟ್ಟಪ್ಪಣೆ ಹೊತ್ತು ಬಂದವನು ಆತ. 1830ರಲ್ಲಿ ಸ್ಯಾಮ್ ಸ್ವೈನಿ ಎಂಬ ಗುಲಾಮ ಡೀಕನ್‌ಗೆ, ಪ್ರಾರ್ಥನೆ ಮಾಡಿದ ಅಪರಾಧಕ್ಕೆ ಚಾಟಿಯೇಟು ಕೊಟ್ಟು, ಸಂಕೋಲೆ ಹಾಕಿ ರಸ್ತೆ ಕೆಲಸಕ್ಕೆ ಅಟ್ಟಿದಾಗ ನಿಬ್ ಅವನ ಪಕ್ಕದಲ್ಲಿ ಎಲ್ಲರೆದುರು ಕೈಹಿಡಿದು ನಡೆದ. ಆಮೇಲೆ ಪತ್ರಿಕೆಗೆ ಬರೆದ. ದಂಗೆಯ ನಂತರ ಆತನನ್ನೂ ಹಿಡಿದು, ಸಾಕ್ಷಿ ಸಿಗದೆ ಬಿಟ್ಟರು. ಸಭೆಯವರು ಆತನನ್ನು ಇಂಗ್ಲೆಂಡಿಗೆ ಕಳಿಸಿದರು. 1832ರ ಜೂನ್‌ನಲ್ಲಿ ಲಂಡನ್ನಿನ ಸ್ಪಾ ಫೀಲ್ಡ್ಸ್ ಮಂದಿರದ ಸಭೆಯಲ್ಲಿ ಮಾತಾಡಲು ನಿಂತಾಗ, ಹೆಚ್ಚು ಹೇಳಬೇಡವೆಂದು ಸೊಸೈಟಿಯವರು ಹಿಂದಿನಿಂದ ಕೋಟಿನ ಚುಂಗು ಎಳೆದರಂತೆ. ಕೆಲಸ ಹೋದರೂ ಸರಿ, ಹೆಂಡತಿ ಮಕ್ಕಳ ಕೈಹಿಡಿದು ಬರಿಗಾಲಲ್ಲಿ ದೇಶ ಸುತ್ತಿಯಾದರೂ ಹೇಳುತ್ತೇನೆ ಎಂದು ಆತ ನಿಂತ. ಹೇಳಿದ. ಮರುವರ್ಷ ಗುಲಾಮಗಿರಿಯನ್ನು ರದ್ದುಮಾಡುವ ಕಾನೂನು ಬಂತು. ಶಾರ್ಪ್ ಮಾಡಿದ್ದರಿಂದ ಲಂಡನ್ನಿನಲ್ಲಿ ಕಿವಿ ತೆರೆಯಿತು, ನಿಬ್ ಆ ಕಿವಿಗೆ ಮಾತು ತಲುಪಿಸಿದ. ಇದೇ ನಾನು ಕಂಡುಕೊಂಡದ್ದು. ಸಾಲ್ಟರ್ಸ್ ಹಿಲ್‌ನಲ್ಲಿ ಕೆಲಸಕ್ಕೆ ಹೋಗಿ ಎಂದವನು ಆರು ತಿಂಗಳಲ್ಲಿ ಹೀಗೆ ಮಾತಾಡುವಂತಾದದ್ದು, ಕೆಡವಿದ ತನ್ನ ಮಂದಿರವನ್ನೂ ನೇಣಿಗೇರಿದ ತನ್ನ ಜನರನ್ನೂ ಕಂಡಮೇಲೆ.

ಕಾನೂನಿನ ಪ್ರಕಾರ ಮಾಲೀಕರಿಗೆ 2 ಕೋಟಿ ಪೌಂಡ್ ಪರಿಹಾರ. ಅದಕ್ಕೆ ಎತ್ತಿದ ಸಾಲದ ಕೊನೆಯ ಕಂತನ್ನು ಬ್ರಿಟಿಷ್ ಸರ್ಕಾರ ತೀರಿಸಿದ್ದು 2015ರಲ್ಲಿ. ದುಡಿದವರಿಗೆ ಒಂದು ಕಾಸೂ ಇಲ್ಲ. ಅಷ್ಟಲ್ಲದೆ 1834ರ ನಂತರವೂ 'ಅಪ್ರೆಂಟಿಸ್' ಎಂಬ ಹೆಸರಿನಲ್ಲಿ ಮತ್ತೆ ನಾಲ್ಕು ವರ್ಷ ಬಿಟ್ಟಿ ದುಡಿಮೆ.

ಅಂಗಳದಲ್ಲಿ ನಿಬ್‌ನ ಸಮಾಧಿಯಿದೆ. 1845ರ ನವೆಂಬರ್ 15ರಂದು ಹಳದಿ ಜ್ವರಕ್ಕೆ ತೀರಿಕೊಂಡಾಗ ಆತನಿಗೆ 42 ವರ್ಷ. ಬಿಡುಗಡೆಯ 150ನೇ ವರ್ಷ, 1988ರಲ್ಲಿ, ಜಮೈಕಾ ಆತನಿಗೆ 'ಆರ್ಡರ್ ಆಫ್ ಮೆರಿಟ್' ಕೊಟ್ಟಿತು.

ನಾಲ್ಕನೆಯ ದಿನ: ಭಾನುವಾರ

ಮಾಸ್ತರರು ಆರಾಧನೆಗೆ ಬನ್ನಿ ಎಂದಿದ್ದರು. ಅಲ್ಲಿ ಚರ್ಚಿಗೆ ಹೋಗುವುದಾದರೆ ಚಡ್ಡಿ, ಬೀಚಿನ ಚಪ್ಪಲಿ ಬೇಡ. ಹೆಂಗಸರು ಹ್ಯಾಟು ಹಾಕಿ, ಗಂಡಸರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬರುತ್ತಾರೆ. ನನ್ನಾಕೆ ಇಳಕಲ್ ಸೀರೆ ಉಟ್ಟಳು. ಬಾಗಿಲಲ್ಲೇ ಮೂವರು ಅಜ್ಜಿಯರು ಸೆರಗು ಮುಟ್ಟಿ ನೋಡಿದರು. ಆರಾಧನೆ ಎರಡು ಗಂಟೆ ದಾಟಿತು. ಹಾಡು ಶುರುವಾದರೆ ಅದನ್ನು ನಿಲ್ಲಿಸುವ ಆತುರ ಯಾರಿಗೂ ಇರಲಿಲ್ಲ. ಸಭಾಪಾಲಕರು ಅತಿಥಿಗಳನ್ನು ನಿಲ್ಲಲು ಹೇಳಿದಾಗ ನಾನು ಎದ್ದು, ಈ ಸಭೆಗೆ ನಿಬ್‌ನನ್ನು ಕಳಿಸಿದವರೇ ಕಳಿಸಿದ ಇನ್ನೊಬ್ಬರು ನನ್ನ ಭಾಷೆಗೆ ವ್ಯಾಕರಣ ಬರೆದರು ಎಂದೆ. ಆ ಕೇರಿ, 1792ರಲ್ಲಿ ಇಂಗ್ಲೆಂಡಿನಲ್ಲಿದ್ದಾಗಲೇ, ಗುಲಾಮರ ದುಡಿಮೆಯಿಂದ ಬರುವ ವೆಸ್ಟ್ ಇಂಡೀಸಿನ ಸಕ್ಕರೆಯನ್ನು ಬಿಟ್ಟವರ ಬಗ್ಗೆ ಮೆಚ್ಚಿ ಬರೆದಿದ್ದರೆಂದೂ ಸೇರಿಸಿದೆ. "ಆಮೆನ್" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

ಮಧ್ಯಾಹ್ನ ಡಂಕನ್ಸ್ ಎಂಬ ಊರಿಗೆ ಹೋದೆವು. ಅಲ್ಲಿ ನಿಬ್ ತನ್ನ ಹುಟ್ಟೂರಿನ ಹೆಸರಿಟ್ಟು ಕಟ್ಟಿದ ಕೆಟರಿಂಗ್ ಹಳ್ಳಿಯಿದೆ. ಬಿಡುಗಡೆಯಾದ ಮೇಲೆ ಮಾಲೀಕರು ಗುಡಿಸಲುಗಳಿಗೆ ಬಾಡಿಗೆ ಕೇಳತೊಡಗಿದರು. ಸರಿಯಾದ ಕೂಲಿ ಕೇಳಿದವರನ್ನು ಎಬ್ಬಿಸಿದರು. ಅದಕ್ಕೆ ಸಭೆಗಳು ಜಮೀನು ಕೊಂಡು, ಸಣ್ಣ ಸಣ್ಣ ನಿವೇಶನಗಳಾಗಿ ಹಂಚಿ ಮಾರಿದವು. ನೆಲ ಇದ್ದವನಿಗೆ ಮತದ ಹಕ್ಕೂ ಬಂತು. ನಾವು ಹೋದಾಗ ಮನೆಗಳ ಹಿಂದೆ ಬಾಳೆ, ಜೀಗುಜ್ಜೆ, ಮಾವು. ಒಂದು ಮನೆಯ ಜಗಲಿಯಲ್ಲಿ ಕೂತಿದ್ದ ಅಮ್ಮ, ಈ ಜಾಗ ಆಗಿನಿಂದ ನಮ್ಮದೇ, ಮಾರೋದಿಲ್ಲ ಎಂದು ನಾವು ಕೇಳದೆಯೇ ಹೇಳಿದರು. ಕೊಳ್ಳಲು ಬಂದವರೆಂದು ತಿಳಿದಿದ್ದರೋ ಏನೋ.

ಕೊನೆಯ ದಿನ: ಸ್ಪ್ಯಾನಿಷ್ ಟೌನ್, ಓಲ್ಡ್ ಹಾರ್ಬರ್ ಬೇ

ಟೋಲ್ ರಸ್ತೆಯಲ್ಲಿ ಗುಡ್ಡ ದಾಟಿ ದಕ್ಷಿಣಕ್ಕೆ ಇಳಿದೆವು. ಸ್ಪ್ಯಾನಿಷ್ ಟೌನಿನಲ್ಲಿ ಇನ್ನೊಬ್ಬ ಮಿಷನರಿ ಜೇಮ್ಸ್ ಫಿಲಿಪ್ಪೋ ಅವರ ಹೆಸರಿನ ಬ್ಯಾಪ್ಟಿಸ್ಟ್ ಚರ್ಚು ನೋಡಿದ್ದು ಹೊರಗಿನಿಂದಲೇ. ಅದರ ಅಂಗಳದಲ್ಲೂ 1838ರಲ್ಲಿ ಸಂಕೋಲೆ ಹೂತ ಜಾಗವಿದೆ. 1835ರಲ್ಲಿ, ಪೂರ್ಣ ಬಿಡುಗಡೆಗೂ ಮೊದಲೇ, 25 ಎಕರೆ ಕೊಂಡು ಸ್ಲೈಗೋವಿಲ್ ಎಂಬ ಮೊದಲ ಸ್ವತಂತ್ರ ಹಳ್ಳಿಗೆ ತಳಪಾಯ ಹಾಕಿದ್ದು ಇವರೇ.

ಓಲ್ಡ್ ಹಾರ್ಬರ್ ಬೇಗೆ ಹೋದದ್ದಕ್ಕೆ ಬೇರೆ ಕಾರಣ. 1845ರ ಮೇ 10ರಂದು 'ಬ್ಲಂಡೆಲ್' ಎಂಬ ಹಡಗಿನಲ್ಲಿ ಭಾರತದ ಮೊದಲ ಕೂಲಿಗಳು ಇಳಿದದ್ದು ಇಲ್ಲಿ. ಅಲ್ಲಿಂದ 1917ರವರೆಗೆ 36 ಸಾವಿರಕ್ಕೂ ಹೆಚ್ಚು ಜನ ಬಂದರು, ಕರಾರಿನ ಮೇಲೆ, ಅದೇ ಕಬ್ಬಿನ ಗದ್ದೆಗಳಿಗೆ. ಹೀಗೆ ಹೊರಗಿನಿಂದ ಆಳು ತರಿಸುವುದನ್ನು ನಿಬ್ ಮತ್ತು ಸಂಗಡಿಗರು ವಿರೋಧಿಸಿದ್ದರು. ಈಗಷ್ಟೇ ಬಿಡುಗಡೆಯಾದವರ ಕೂಲಿ ಇಳಿಸಲು ಮಾಲೀಕರು ಹೂಡಿದ ಉಪಾಯ ಎಂಬುದು ಅವರ ವಾದ. ಆ ಹಡಗು ಬಂದ ವರ್ಷವೇ ನಿಬ್ ಸತ್ತ.

ಮೀನುಗಾರರ ದಡದಲ್ಲಿ ಕರಿದ ಮೀನು, ಮರಗೆಣಸಿನ ಬ್ಯಾಮಿ ರೊಟ್ಟಿ ಮಾಡುವ ಗುಡಿಸಲುಗಳಿವೆ. ಮೀನನ್ನು ನೀವೇ ಆರಿಸಿ ತೂಕ ಹಾಕಿಸಿ, ದರ ಕರಿಯುವ ಮೊದಲೇ ಕೇಳಿಕೊಳ್ಳಿ. ಒಲೆಯ ಮುಂದಿದ್ದಾಕೆಯ ಮುಖ ನೋಡಿ ನಮ್ಮವರೇ ಎನಿಸಿತು. ಅವರ ಮುತ್ತಜ್ಜನ ತಂದೆ ಹಡಗಿನಲ್ಲಿ ಬಂದವರಂತೆ, ಊರು ಯಾವುದೆಂದು ಗೊತ್ತಿಲ್ಲ. ಮನೆಯವರೆಲ್ಲ ಬ್ಯಾಪ್ಟಿಸ್ಟರು. ಭಾನುವಾರ ಫಾಲ್ಮತ್‌ನಲ್ಲಿದ್ದೆವು ಎಂದಾಗ ಯಾವ ಹಾಡು ಹಾಡಿದರು ಎಂದು ಮೊದಲು ಕೇಳಿದರು. ಆಮೇಲೆ ನಮ್ಮೂರಿನ ಸುದ್ದಿ.

"ನಿಮ್ಮಲ್ಲಿ ಇನ್ನೂ ಕಬ್ಬು ಬೆಳೀತಾರಾ?"

"ಬೆಳೀತಾರೆ. ನಮ್ಮ ಜಿಲ್ಲೇಲಿ ಕಣ್ಣು ಹಾಯಿಸಿದಷ್ಟೂ ಅದೇ."

"ಯಾರು ಕಡೀತಾರೆ?"

ಬಳ್ಳಾರಿ ಕಡೆಯಿಂದ ಕೂಲಿಯವರು ಬರುತ್ತಾರೆ, ಗಂಡ ಹೆಂಡತಿ ಜೋಡಿಯಾಗಿ, ಮೇಸ್ತ್ರಿಯ ಹತ್ತಿರ ಮುಂಗಡ ತೆಗೆದುಕೊಂಡು, ಗದ್ದೆಯ ಪಕ್ಕದಲ್ಲೇ ಟಾರ್ಪಾಲಿನ ಗುಡಿಸಲು ಹಾಕಿಕೊಂಡು ಇರುತ್ತಾರೆ ಎಂದು ಹೇಳಿದೆ.

"ಮುಂಗಡ ತೀರದೇ ಹೋದ್ರೆ?"

"ಮುಂದಿನ ವರ್ಷ ಮತ್ತೆ ಬರಬೇಕು."

ಆಕೆ ಬಾಣಲೆಯ ಮೀನು ಮಗುಚಿ, "ಮಕ್ಕಳು ಶಾಲೆಗೆ ಹೋಗ್ತಾರಾ?" ಎಂದರು. ಕೆಲವರು ಹೋಗುತ್ತಾರೆ, ಹೆಚ್ಚಿನವರು ಗದ್ದೆಯಲ್ಲೇ ಇರುತ್ತಾರೆ ಎಂದೆ. ಹಾಗಿದ್ದರೆ ಆ ಊರಿನ ಚರ್ಚಿನವರು, ದೇವಸ್ಥಾನದವರು ಏನು ಮಾಡ್ತಿದ್ದಾರೆ ಎಂದು ಅವರು ಕೇಳಿದರು.